ಒಂಬತ್ತನೆಯ ರೀಲು

ಆ ದೃಶ್ಯ ಸಿನಿಮಾದಲ್ಲೇ ಇಲ್ಲವೆಂದು ಕಾವ್ಯಾ ಹೇಳಿದ ಮೇಲೂ ಯುವರಾಜ ಇನ್ನೆರಡು ವಾಕ್ಯ ಓದಿದ. ಬಾಯಿ ತನ್ನಷ್ಟಕ್ಕೆ ತಾನು ಓದಿಕೊಂಡು ಹೋಗುತ್ತಿತ್ತು. ಕಿವಿ ಮಾತ್ರ ಹಿಂದೆ ಉಳಿದು, ಆ ಹುಡುಗಿ ಹೇಳಿದ್ದನ್ನೇ ಮತ್ತೆ ಕೇಳುತ್ತಿತ್ತು. ರಾಣೇಬೆನ್ನೂರಿನ ಆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಬುಧವಾರ ಮಧ್ಯಾಹ್ನ ಆರು ಜನ ಕುಳಿತಿದ್ದರು. ನಾಲ್ವರು ಅಧ್ಯಾಪಕರು, ಇಬ್ಬರು ಬಿ.ಎ. ಕೊನೆಯ ವರ್ಷದ ಹುಡುಗಿಯರು. ಶನಿವಾರ ಹಾವೇರಿಯ ವಿಚಾರಸಂಕಿರಣದಲ್ಲಿ ಓದಬೇಕಾದ ಪ್ರಬಂಧವನ್ನು ಮೊದಲು ನಮ್ಮೆದುರು ಓದಿ ತೋರಿಸು ಎಂದು ಮಲ್ಲೇಶಪ್ಪ ಸರ್ ಹೇಳಿದ್ದರಿಂದ ಓದುತ್ತಿದ್ದ. ಏಳು ವರ್ಷದಿಂದ ಅತಿಥಿ ಉಪನ್ಯಾಸಕನಾಗಿಯೇ ಉಳಿದವನಿಗೆ ಹೊರಗಿನ ಸಭೆಯೊಂದರಲ್ಲಿ ಮಾತಾಡಲು ಬಂದ ಮೊದಲ ಕರೆ ಅದು. ಪ್ರಬಂಧದ ವಿಷಯ ಕೇಳಿ ಅವರೆಲ್ಲ ನಕ್ಕಿದ್ದರು. ಹದಿನೇಳು ವರ್ಷದ ಹಿಂದೆ ಬಂದು ಒಂದು ವಾರವೂ ಓಡದೆ ಹೋದ, ಹೆಸರೂ ಯಾರಿಗೂ ನೆನಪಿಲ್ಲದ ಒಂದು ದೆವ್ವದ ಸಿನಿಮಾ. ಅದಕ್ಕೆ ಕಥನದ ರಚನೆಯ ಸಿದ್ಧಾಂತವನ್ನು ಹಚ್ಚಿ ನೋಡುವುದು. ಯಾವ ಕತೆಗೂ ಐದು ಹೆಜ್ಜೆ ಎನ್ನುತ್ತದೆ ಸಿದ್ಧಾಂತ: ಮೊದಲಿಗೆ ಒಂದು ನೆಮ್ಮದಿ, ಅದು ಕೆಡುವುದು, ಕೆಟ್ಟಿದೆ ಎಂದು ಯಾರಿಗಾದರೂ ತಿಳಿಯುವುದು, ಸರಿಪಡಿಸಲು ಹೆಣಗುವುದು, ಕೊನೆಗೆ ಇನ್ನೊಂದು ನೆಮ್ಮದಿ, ಆದರೆ ಮೊದಲಿನದಲ್ಲ. ಹಾಳು ಬಂಗಲೆಗೆ ಬಂದು ಇಳಿಯುವ ಸಂಸಾರದಿಂದ ಹಿಡಿದು ಬಂಗಲೆ ಉರಿದುಹೋಗುವ ತನಕ ಎಲ್ಲವನ್ನೂ ಅವನು ಈ ಐದರೊಳಗೆ ಕೂರಿಸಿದ್ದ. ಒಂದು ದೃಶ್ಯ ಮಾತ್ರ ಎಲ್ಲೂ ಕೂರುತ್ತಿರಲಿಲ್ಲ. ಬೆಳ್ಳನೆಯ ಬಿಸಿಲು. ಯಾರೂ ಇಲ್ಲದ ಬಯಲಿನಲ್ಲಿ ಕೆಂಪು ಮೆಣಸಿನಕಾಯಿಯ ರಾಶಿ. ರಾಶಿಯ ಪಕ್ಕ ನಮಗೆ ಬೆನ್ನು ಮಾಡಿ ಕುಳಿತ ಹಸಿರು ಕುಪ್ಪಸದ ಹೆಂಗಸು. ಅವಳು ತಿರುಗುವುದಿಲ್ಲ. ಬಲಗೈಯನ್ನು ಭುಜದಿಂದ ಮೇಲಕ್ಕೆತ್ತುತ್ತಾಳೆ, ಬೆರಳು ಬಿಚ್ಚಿ ಮುಚ್ಚುತ್ತಾಳೆ, ಅಷ್ಟೇ. ಅವಳು ಯಾರೆಂದು ಸಿನಿಮಾ ಹೇಳುವುದಿಲ್ಲ, ಮತ್ತೆ ತೋರಿಸುವುದೂ ಇಲ್ಲ. ಕತೆಯ ಯಾವ ಹೆಜ್ಜೆಗೂ ಬೇಡವಾದ ಈ ಹೆಂಗಸೇ ಸಿನಿಮಾದ ನಿಜವಾದ ಭಯ ಎಂಬುದು ಯುವರಾಜನ ವಾದ. ಇಡೀ ಪ್ರಬಂಧ ಆ ಎತ್ತಿದ ಕೈಯ ಮೇಲೆ ನಿಂತಿತ್ತು.

"ಸರ್, ಆ ಸೀನ್ ಅದರಾಗ ಇಲ್ಲರಿ," ಎಂದಿದ್ದಳು ಕಾವ್ಯಾ. ಅವಳ ಅಪ್ಪನದು ಸ್ಟೇಷನ್ ರಸ್ತೆಯಲ್ಲಿ ವಿಸಿಡಿ ಅಂಗಡಿ. ಸರ್ ಬರೆಯುತ್ತಿರುವ ಸಿನಿಮಾ ಎಂದು ಹುಡುಕಿಸಿ ತರಿಸಿ, ಎರಡು ಸಲ ನೋಡಿಕೊಂಡು ಬಂದಿದ್ದಳು. "ಬೆನ್ನ ತಿರುಗಿಸಿ ನಿಂತ ಹೆಂಗಸು ಒಬ್ಬಾಕಿ ಬರ್ತಾಳ್ರಿ. ಆದರ ಆಕಿದು ಬಿಳಿ ಸೀರಿ, ಮೆಟ್ಲ ಮ್ಯಾಲ ನಿಂತಿರ್ತಾಳ. ಮೆಣಸಿನಕಾಯಿ ಎಲ್ಲೂ ಇಲ್ಲರಿ." ಅವಳ ದನಿಯಲ್ಲಿ ತಪ್ಪು ಹಿಡಿದ ಖುಷಿ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ವಿಸಿಡಿಯವರು ಕತ್ತರಿಸಿರುತ್ತಾರೆ, ಎರಡು ಡಿಸ್ಕಿಗೆ ಹಿಡಿಸಲು ಅವರು ಏನು ಬೇಕಾದರೂ ಕತ್ತರಿಸುತ್ತಾರೆ ಎಂದು ಯುವರಾಜ ಹೇಳಿದ. ಮಲ್ಲೇಶಪ್ಪ ಸರ್ ಚಹದ ಲೋಟ ಕೆಳಗಿಟ್ಟು, "ದೆವ್ವ ಸಿನಿಮಾದಾಗ ಇಲ್ಲೋ ಯುವರಾಜ, ನಿನ್ನ ಪ್ರಬಂಧದಾಗ ಐತಿ," ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ಕಾವ್ಯಾ ಮಾತ್ರ ನಗದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಎರಡು ಡಿಸ್ಕುಗಳನ್ನು ಅವನ ಮುಂದಿಟ್ಟು ಹೋದಳು.

ಎಷ್ಟು ಜನರಿಗೆ ಆ ಸಿನಿಮಾದ ಕತೆ ಹೇಳಿಲ್ಲ ತಾನು, ಎಂದುಕೊಳ್ಳುತ್ತ ಅವನು ಮನೆಗೆ ನಡೆದ. ನೋಡಿ ಬಂದ ವರ್ಷ ಬ್ಯಾಡಗಿಯ ಓಣಿಯ ಕಟ್ಟೆಯ ಮೇಲೆ ದಿನವೂ ಹೇಳುತ್ತಿದ್ದ. ಅಕ್ಕ ಪುಷ್ಪಾವತಿ ತೀರಿಕೊಂಡ ವರ್ಷವೂ ಅದೇ. ಸಾವಿನ ಮನೆಯ ಹುಡುಗ ಹೀಗೆ ದೆವ್ವದ ಕತೆ ಹೇಳುತ್ತ ಕೂರುತ್ತಾನಲ್ಲ ಎಂದು ಓಣಿಯವರು ಅಂದುಕೊಂಡಿರಬಹುದು. ಹದಿನೇಳರ ವಯಸ್ಸು, ದುಃಖಕ್ಕೆ ಬಾಯಿ ಬರದಿದ್ದಾಗ ಬೇರೇನಕ್ಕೋ ಬಾಯಿ ಬರುತ್ತದೆ ಎಂದು ದೊಡ್ಡವನಾದ ಮೇಲೆ ತಾನೇ ಅದಕ್ಕೊಂದು ಅರ್ಥ ಕೊಟ್ಟುಕೊಂಡಿದ್ದ. ಮದುವೆಯಾದ ಹೊಸತರಲ್ಲಿ ಹೆಂಡತಿ ನಾಗರತ್ನಾಳಿಗೂ ಹೇಳಿದ್ದ. ಟಾಕೀಸಿನಲ್ಲಿ ಆವತ್ತು ಜನವೇ ಇರಲಿಲ್ಲ, ಕಡೆಕಡೆಗೆ ತಾನೊಬ್ಬನೇ ಕುಳಿತಂತಿತ್ತು, ಅದಕ್ಕೇ ಅಷ್ಟು ಹೆದರಿಕೆಯಾಯಿತು ಎಂದು ಪ್ರತಿ ಸಲವೂ ಸೇರಿಸುತ್ತಿದ್ದ. ಕೇಳಿದವರೆಲ್ಲ ಬಂಗಲೆಯ ಬಗ್ಗೆ, ಮೆಟ್ಟಿಲಿನ ಬಗ್ಗೆ ಕೇಳುತ್ತಿದ್ದರು. ಅವ್ವ ಒಬ್ಬಳೇ ಬೇರೆ. ಜನ್ಮದಲ್ಲಿ ಟಾಕೀಸಿನ ಮುಖ ನೋಡದ ದೇವವ್ವ, ಅವನು ಯಾರಿಗೆ ಹೇಳುತ್ತಿದ್ದರೂ ಕೈಯ ಕೆಲಸ ನಿಲ್ಲಿಸಿ ಆ ಒಂದು ದೃಶ್ಯಕ್ಕೆ ಕಾಯುತ್ತಿದ್ದಳು. ಅದು ಬಂದಾಗ ಒಂದೇ ಪ್ರಶ್ನೆ, ಪ್ರತಿ ಸಲ ಅದೇ: "ಕೈ ಎಷ್ಟೊತ್ತ ಎತ್ತಿದ್ಲಪಾ ಆಕಿ?" ಅವನು ಸಿನಿಮಾ ಬಲ್ಲವನ ಗತ್ತಿನಲ್ಲಿ, "ಬಾಳೊತ್ತ ತೋರಸ್ತಾರಬೇ," ಎನ್ನುತ್ತಿದ್ದ. ಅವ್ವ ಹೂಂ ಎಂದು ಮತ್ತೆ ಕೆಲಸಕ್ಕೆ ತಿರುಗುತ್ತಿದ್ದಳು. ಓದು ಬರಹ ಇಲ್ಲದವಳು ಕತೆಯ ಮರ್ಮಕ್ಕೇ ಕೈಹಾಕುತ್ತಾಳೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಪ್ರಬಂಧದ ಅಡಿಟಿಪ್ಪಣಿಯಲ್ಲಿ ಅದನ್ನು ಹೇಳಿಯೂ ಇದ್ದ, ಅವ್ವನ ಹೆಸರಿಲ್ಲದೆ, 'ಒಬ್ಬ ಕೇಳುಗಳ ಪ್ರತಿಕ್ರಿಯೆ' ಎಂದು.

ಗುರುವಾರ ಮಧ್ಯಾಹ್ನ ಕಿಟಕಿ ಮುಚ್ಚಿ ಡಿಸ್ಕು ಹಾಕಿದ. ಪಡಸಾಲೆಯಲ್ಲಿ ಅವ್ವ ಬಾಗಿಲಿಗೆ ಬೆನ್ನು ಮಾಡಿ ಕುಳಿತು ವರ್ಷದ ಖಾರಕ್ಕೆ ತರಿಸಿದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ರಾಣೇಬೆನ್ನೂರಿಗೆ ಬಂದು ಹತ್ತು ವರ್ಷವಾದರೂ ಕಾಯಿ ಮಾತ್ರ ಬ್ಯಾಡಗಿಯಿಂದಲೇ ಬರಬೇಕು. ತೊಟ್ಟನ್ನು ಅವಳೇ ಬಿಡಿಸಬೇಕು, ನಾಗರತ್ನಾ ಕೈಹಾಕಿದರೆ ಆಗದು. ಬಾಗಿಲಿಗೆ ಎದುರಾಗಿ ಕುಳಿತುಕೋ, ಬಂದವರ ಮುಖವಾದರೂ ಕಾಣುತ್ತದೆ ಎಂದು ಯುವರಾಜ ಎಷ್ಟೋ ಸಲ ರೇಗಿದ್ದ. ಅವಳು ಕೇಳಿರಲಿಲ್ಲ. ತೆರೆಯ ಮೇಲೆ ಬಂಗಲೆ ಬಂತು. ಅವನ ನೆನಪಿನಲ್ಲಿದ್ದ ಬಂಗಲೆಗಿಂತ ಚಿಕ್ಕದು, ರಟ್ಟಿನದೆಂದು ಗೊತ್ತಾಗುವಂಥದು. ಮಕ್ಕಳು ಆಡಿದರು, ದೀಪ ಆರಿತು, ಬಾವಲಿ ಹಾರಿತು. ಅವನು ಗಡಿಯಾರ ನೋಡಿ ನಿಮಿಷ ಬರೆದುಕೊಳ್ಳುತ್ತ ಹೋದ. ಹೆಂಡತಿಯನ್ನು ಹುಡುಕಿಕೊಂಡು ಹೋದ ನಾಯಕ ಬಾಗಿಲು ತಳ್ಳುತ್ತಾನೆ, ಆಚೆಗೆ ಮೆಟ್ಟಿಲು, ಮೆಟ್ಟಿಲ ಮೇಲೆ ಬಿಳಿ ಸೀರೆಯ ಬೆನ್ನು. ಇವೆರಡರ ನಡುವೆಯೇ ಬರಬೇಕು ಆ ಬಯಲು. ಬರಲಿಲ್ಲ. ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ಬಾಗಿಲು, ಮೆಟ್ಟಿಲು. ನಡುವೆ ಕತ್ತರಿಸಿದ ಗುರುತೂ ಇಲ್ಲ, ಹಿನ್ನೆಲೆಯ ಪಿಟೀಲು ಕೂಡ ಎಲ್ಲೂ ತುಂಡಾಗದೆ ಬಾಗಿಲಿನಿಂದ ಮೆಟ್ಟಿಲಿಗೆ ಹರಿಯುತ್ತಿತ್ತು. ನಾಲ್ಕನೆಯ ಸಲ ನೋಡುವಾಗ ಅವನಿಗೆ ಹೊಳೆಯಿತು, ನೆನಪಿನ ಆ ದೃಶ್ಯದಲ್ಲಿ ಯಾವತ್ತೂ ಪಿಟೀಲು ಇರಲಿಲ್ಲ. ದೂರದಲ್ಲೆಲ್ಲೋ ಲಾರಿಯೊಂದು ಹಿಂದಕ್ಕೆ ಸರಿಯುವ ಸದ್ದು ಇತ್ತು. ಮೂಗಿಗೆ ಘಾಟು ಇತ್ತು. ಸಿನಿಮಾಕ್ಕೆ ಘಾಟು ಎಲ್ಲಿಂದ ಬರಬೇಕು, ಪಡಸಾಲೆಯ ಕಾಯಿಯದೇ ಇದು ಎಂದುಕೊಂಡು ಟಿ.ವಿ. ಆರಿಸಿದ. ಆಚೆ ಅವ್ವನ ಬೆರಳ ಸದ್ದು, ಚಟ್, ಚಟ್, ಒಂದೇ ಲಯದಲ್ಲಿ. ಸಿನಿಮಾ ಹೇಗಿತ್ತು ಎಂದು ಅವಳು ಕೇಳಲಿಲ್ಲ.

ಹಳೆಯ ಪ್ರಿಂಟು ಬೇರೆ ಇದ್ದಿರಬೇಕು. ಆಗ ಬ್ಯಾಡಗಿಯ ಆ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಮಲ್ಲಿಕಸಾಬ ಇನ್ನೂ ಇದ್ದರೆ ಅವರಿಗೆ ಗೊತ್ತಿರುತ್ತದೆ. ಅವರು ಒಂದು ಮಾತು ಹೇಳಿದರೆ ಸಾಕು, 'ಮೂಲ ಪ್ರತಿಯಲ್ಲಿ ಇದ್ದ ದೃಶ್ಯ' ಎಂದು ಬರೆದು ಶನಿವಾರ ಧೈರ್ಯವಾಗಿ ಓದಬಹುದು. ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿದಾಗ ಇಷ್ಟೇ ಅವನ ಮನಸ್ಸಿನಲ್ಲಿದ್ದದ್ದು, ಅಥವಾ ಇಷ್ಟೇ ಇದೆ ಎಂದು ಅವನು ತಿಳಿದಿದ್ದ. ಹೊರಡುವಾಗ ಎಲ್ಲಿಗೆ ಎಂದು ನಾಗರತ್ನಾ ಕೇಳಿದಳು. ಬ್ಯಾಡಗಿಗೆ, ಆ ಸಿನಿಮಾದ ಸಲುವಾಗಿ ಎಂದ. ಒಳಗೆ ತೊಟ್ಟು ಮುರಿಯುವ ಸದ್ದು ಒಂದು ಗಳಿಗೆ ನಿಂತಿತು. ಮೋಟೆಬೆನ್ನೂರಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟು ತಿರುಗಿದ್ದೇ ಕಿಟಕಿಯೊಳಗೆ ಘಾಟು ಬಂತು. ಪಕ್ಕದಲ್ಲಿ ಕುಳಿತ ಹೆಂಗಸು ಸೆರಗು ಮೂಗಿಗೆ ಒತ್ತಿಕೊಂಡಳು. ಬ್ಯಾಡಗಿಯವರು ಹಾಗೆ ಒತ್ತಿಕೊಳ್ಳುವುದಿಲ್ಲ. ಅಕ್ಕ ಮಾತ್ರ ಒತ್ತಿಕೊಳ್ಳುತ್ತಿದ್ದಳು, ಅವಳಿಗೆ ದಮ್ಮು ಇತ್ತು. ದಮ್ಮು ಇಟ್ಟುಕೊಂಡು ಮೂರು ವರ್ಷ ಕಾಯಿಯ ಕಣದಲ್ಲಿ ತೊಟ್ಟು ಬಿಡಿಸಲು ಹೋದಳು, ಇವನು ಹಾವೇರಿಯ ಕಾಲೇಜಿಗೆ ಹೋಗಲೆಂದು. ಒಂದು ದಿನ ಕಣದಲ್ಲೇ ಉಸಿರು ಸಿಕ್ಕಿಕೊಂಡು ಹೋದಳು. ಒಂದೇ ಉಸಿರಿಗೆ ಹೋಯಿತು ಜೀವ, ಪಕ್ಕದಲ್ಲಿ ಯಾರಿದ್ದರೂ ಅಷ್ಟೇ ಎಂದು ಎಲ್ಲರೂ ಅಂದರು. ಹಾಗೆ ಅನ್ನುವುದೇ ಪದ್ಧತಿ. ಅಂಗಳದಲ್ಲಿ ಅವಳ ಹೆಣವನ್ನು ಕೂರಿಸಿದ್ದಾಗ ಇವನು ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಂಡು ನಿಂತಿದ್ದ. ಬಲಗೈ ಮಣಿಕಟ್ಟಿನ ಮೇಲೆ ನೀಲಿಯ ಒಂದು ದುಂಡು ಗುರುತಿತ್ತು, ಯಾರಿಗೂ ಕಾಣಬಾರದೆಂದು ತೋಳು ಎಳೆದೆಳೆದು ಬಿಡುತ್ತಿದ್ದ. ಕಾಲೇಜಿನ ಶಾಯಿ ಇರಬೇಕು. ಅದನ್ನು ಯಾಕೆ ಅಡಗಿಸಬೇಕಿತ್ತು ಎಂಬುದು ಈಗ ನೆನಪಾಗಲಿಲ್ಲ.

ಟಾಕೀಸು ಈಗ ಕಾಯಿಯ ಗೋದಾಮಾಗಿತ್ತು. ಮಲ್ಲಿಕಸಾಬ ಅದಕ್ಕೇ ಕಾವಲು. ಟಿಕೆಟಿನ ಕಿಂಡಿಯ ಕೆಳಗೆ ಗೋಣಿಚೀಲ ಹರಡಿಕೊಂಡು ದಬ್ಬಳದಿಂದ ಬಾಯಿ ಹೊಲಿಯುತ್ತ ಕುಳಿತಿದ್ದರು. ಯುವರಾಜ ಹೆಸರು ಹೇಳಿದಾಗ ತಲೆಯೆತ್ತಿ ಬಹಳ ಹೊತ್ತು ನೋಡಿದರು. ದೇವವ್ವನ ಮಗ ಅಲ್ಲವೇ, ಮಾಸ್ತರ ಆಗೀರಂತ ಎಂದರು. ಒಳಗೆ ಕರೆದುಕೊಂಡು ಹೋದರು. ಕುರ್ಚಿಗಳಿದ್ದಲ್ಲಿ ಸೂರಿನ ತನಕ ಚೀಲ ಪೇರಿಸಿತ್ತು, ಆದರೆ ಎದುರಿನ ಗೋಡೆಯ ಬಿಳಿ ಚೌಕ ಹಾಗೇ ಇತ್ತು. ಕೆಂಪು ಧೂಳು ಅದರ ಕೆಳತುದಿಗೆ ಏರಿ ನಿಂತಿತ್ತು. ಅವನು ವಿಷಯ ಹೇಳಿದ. ಕೆಂಪು ರಾಶಿ, ಬೆನ್ನು, ಎತ್ತಿದ ಕೈ. ಹೇಳುವಾಗ ಎಂದಿನ ಲಯ ತಾನಾಗಿಯೇ ಬಂತು. ಮುದುಕ ಕೇಳಿಸಿಕೊಳ್ಳುತ್ತಿದ್ದ ರೀತಿ ಮಾತ್ರ ಬೇರೆಯವರಂತಿರಲಿಲ್ಲ. ಅವರು ಅವನ ಬಾಯಿ ನೋಡದೆ ಕೈ ನೋಡುತ್ತಿದ್ದರು. ತನ್ನ ಬಲಗೈ ತಾನೇ ಮೇಲೆದ್ದಿರುವುದನ್ನು ಕಂಡು ಯುವರಾಜ ಅದನ್ನು ಇಳಿಸಿದ.

ಮಲ್ಲಿಕಸಾಬ ನೇರವಾಗಿ ಉತ್ತರ ಕೊಡಲಿಲ್ಲ. ಆಗಿನ ಕಾಲದ ಪದ್ಧತಿ ಹೇಳತೊಡಗಿದರು. ಪ್ರಿಂಟು ಒಂದೇ, ಟಾಕೀಸು ಎರಡು. ಮೋಟೆಬೆನ್ನೂರಿನ ತಗಡಿನ ಶೆಡ್ಡಿನಲ್ಲಿ ಒಂದೂವರೆಗೆ ಆಟ ಶುರು, ಇಲ್ಲಿ ಮೂರಕ್ಕೆ. ಅಲ್ಲಿ ಓಡಿಸಿ ಮುಗಿದ ರೀಲುಗಳನ್ನು ಗುಡ್ಡಪ್ಪ ಎಂಬವನು ಲೂನಾಕ್ಕೆ ಕಟ್ಟಿಕೊಂಡು ಇಲ್ಲಿಗೆ ತರುತ್ತಿದ್ದ. ಎಂಟನೆಯದು ಓಡುವಾಗ ಒಂಬತ್ತನೆಯದು ಬಾಗಿಲಿಗೆ ಬಂದಿರಬೇಕು. ನೀವು ಬಂದಿದ್ದ ಆ ದಿನ ದಾರಿಯಲ್ಲಿ ಲೂನಾದ ಗಾಲಿ ಪಂಕ್ಚರಾಗಿ ಕೂತಿತು, ಒಂಬತ್ತನೆಯ ರೀಲು ಹೊತ್ತಿಗೆ ಬರಲಿಲ್ಲ. ಬಾಗಿಲು ತಳ್ಳುವ ಹೊತ್ತಿಗೆ ಪರದೆ ಬೆಳ್ಳಗಾಯಿತು.

ಬಾಗಿಲು ತಳ್ಳುವ ಹೊತ್ತಿಗೆ, ಎಂದು ಯುವರಾಜ ಮನಸ್ಸಿನಲ್ಲೇ ಹೇಳಿಕೊಂಡ.

"ಮುಕ್ಕಾಲ ತಾಸ ಆತು ನೋಡ್ರಿ. ಮಂದಿ ಬೈಯಾಕತ್ತಿದ್ರು. ಬಾಗಲಾ ತಗಸಿ ಹೊರಗ ಬಿಟ್ಟೆ. ಮತ್ತ ಒಳಗ ಬರಾಕ ಟಿಕೀಟ ಹರದಿರತಿತ್ತಲ್ಲ, ಅದಕ್ಕ ಹೊರಗ ಹೋದವ್ರ ಕೈಗೆ ಮುದ್ರಿ ಒತ್ತತಿದ್ವಿ. ದುಂಡಂದು, ನೀಲಿ ಮಸಿ. ಗೇಟಿನವ ಲೂನಾ ಹುಡುಕ್ಕೊಂಡ ಹೋಗಿದ್ದ. ನಿಮ್ಮ ಕೈಗೆ ನಾನ ಒತ್ತೇನಿ."

ಯುವರಾಜ ಬಲಗೈ ಮಣಿಕಟ್ಟು ನೋಡಿಕೊಂಡ. ಒಳಗೇ ಕುಳಿತವರ ಕೈಗೆ ಒತ್ತುತ್ತಿರಲಿಲ್ಲವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮುದುಕ ಕೈಯಲ್ಲೇ ಇದ್ದ ದಬ್ಬಳವನ್ನು ಪಕ್ಕದ ಚೀಲಕ್ಕೆ ಚುಚ್ಚಿ ಬಿಟ್ಟು, ಪರದೆಯ ಕಡೆ ನೋಡುತ್ತ ಮುಂದುವರಿಸಿದರು. ಎಲ್ಲರೂ ಚಹಕ್ಕೆ ಮುಂದಿನ ಗೇಟಿಗೆ ಹೋದರು, ನೀವೊಬ್ಬರೇ ಮೂತ್ರಿಯ ಕಡೆ ಹಿಂದಕ್ಕೆ ಹೋದಿರಿ. ಆಮೇಲೆ ಓಡಿ ಬಂದು ಕುಳಿತಿರಿ. ಅಷ್ಟರಲ್ಲಿ ರೀಲು ಬಂತು, ಹಾಕಿದೆ. ಹನ್ನೊಂದನೆಯದು ಓಡುವಾಗ ಹಿಂದಿನ ಕಣದಲ್ಲಿ ಹೆಣ್ಣುಮಗಳೊಬ್ಬಳು ಬಿದ್ದಿದ್ದಾಳೆಂದು ಯಾರೋ ಬಂದು ಕೂಗಿದರು, ಟಾಕೀಸಿಗೆ ಟಾಕೀಸೇ ಎದ್ದು ಓಡಿತು. "ನಾ ಮಷೀನ ಬಂದ್ ಮಾಡಬೇಕಂತ ಕಿಂಡ್ಯಾಗ ನೋಡಿದೆ. ನೀವೊಬ್ರ ಕುಂತಿದ್ರಿ. ಕಣ್ಣ ಪರದೆ ಮ್ಯಾಲ. ಬಂದ್ ಮಾಡಾಕ ಕೈ ಏಳಲಿಲ್ಲ ತಮ್ಮಾ. ಕಡೀತನ ಓಡಿಸಿದೆ. ಆಕಿ ನಿಮ್ಮಕ್ಕ ಅಂತ ನನಗ ಆಮ್ಯಾಲ ಗೊತ್ತಾತು."

ಚೀಲಗಳ ನಡುವೆ ಎಲ್ಲೋ ಇಲಿ ಓಡಿತು. ಸಿನಿಮಾದಲ್ಲಿ ಆ ಹೆಂಗಸು ಇದ್ದಳೇ ಇಲ್ಲವೇ, ಅಷ್ಟು ಹೇಳಿ ಕಾಕಾ ಎಂದು ಯುವರಾಜ ಕೇಳಿದ. ತನ್ನ ದನಿ ಸ್ಟಾಫ್ ರೂಮಿನಲ್ಲಿ ಓದುತ್ತಿದ್ದ ದನಿಯಂತೆಯೇ ಇರುವುದು ಅವನಿಗೆ ಕೇಳಿಸಿತು.

"ಇದನ್ನ ನಿಮ್ಮವ್ವನೂ ಕೇಳಿದ್ಲು," ಎಂದರು ಮಲ್ಲಿಕಸಾಬ. "ನಿಮ್ಮಕ್ಕ ಹೋದ ಮುಂದಿನ ಯುಗಾದಿಗೆ. ಗೇಟಿನ ಹೊರಗ ನಿಂತಿದ್ಲು, ಒಳಗ ಬಾ ಅಂದ್ರ ಬರಲಿಲ್ಲ. ಆ ಪಿಚ್ಚರದಾಗ ಹಸರ ಕುಬಸದಾಕಿ ಅದಾಳೇನ್ರಿ, ಕಾಯಿ ರಾಸಿ ಬಾಜೂಕ ಕುಂತಾಕಿ, ಅಂದ್ಲು. ಇಲ್ಲಬೇ ಅಂದೆ. ಮತ್ತ ನನ್ನ ಮಗ ಹೊರಗ ಹೋಗಿದ್ನೇನು ಅಂದ್ಲು. ಹೋಗಿದ್ದ ಅಂದೆ. ಚಾ ಕುಡೀತಿ ಏನವಾ ಅಂದೆ. ಒಲ್ಲೆ ಅಂದ್ಲು."

ಮೂತ್ರಿಯ ಗೋಡೆ ಹಾಗೇ ಇತ್ತು. ಅದರ ಪಕ್ಕ ಕಂಪೌಂಡು ಒಡೆದು ಒಬ್ಬ ಮನುಷ್ಯ ನುಸುಳುವಷ್ಟು ಸಂದಿ. ಯುವರಾಜ ಅಲ್ಲಿ ನಿಂತ. ಆಚೆ ಕಣ, ಕಣದ ತುಂಬ ಕೆಂಪು, ಕೆಂಪಿನ ಮೇಲೆ ಬೆಳ್ಳನೆಯ ಬಿಸಿಲು. ಹೆಂಗಸರೆಲ್ಲ ಊಟಕ್ಕೆ ಎದ್ದು ಹೋಗಿದ್ದರು, ಒಬ್ಬರೂ ಇರಲಿಲ್ಲ. ದೂರದಲ್ಲಿ ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು. ಅವತ್ತೂ ಅವನು ಇಲ್ಲೇ ನಿಂತಿದ್ದ. ಕಾಲೇಜಿಗೆ ಹೋಗುತ್ತೇನೆಂದು ಹೇಳಿ ಬಂದವನು, ಅಕ್ಕ ಕೆಲಸ ಮಾಡುವ ಕಣ ಟಾಕೀಸಿನ ಬೆನ್ನಿಗೇ ಇದೆ ಎಂಬುದನ್ನು ಮರೆತು ಈ ಸಂದಿಯಲ್ಲಿ ನಿಂತಿದ್ದ. ಕಣದ ಉಳಿದ ಹೆಂಗಸರೆಲ್ಲ ಚಹಕ್ಕೆ ಹೋಗಿದ್ದರು. ನಡೆಯಲಾರದೆ ಹಸಿರು ಕುಪ್ಪಸದ ಅಕ್ಕ ಒಬ್ಬಳೇ ಉಳಿದಿದ್ದಳು. ಅವನ ಕಾಲಿಗೆ ಡಬ್ಬಿಯೊಂದು ತಾಗಿ ಉರುಳಿತು. ಆ ಸದ್ದಿಗೆ ಅವಳ ಕೈ ಮೇಲೆದ್ದಿತು. ತಿರುಗಿ ನೋಡಲು ಅವಳಿಂದ ಆಗುತ್ತಿರಲಿಲ್ಲ, ಭುಜಗಳು ಕಿವಿಯ ತನಕ ಏರಿ ಇಳಿಯುತ್ತಿದ್ದವು. ದಮ್ಮು ಬಂದಾಗ ಅವಳ ಭುಜ ಹಾಗೆ ಏರುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಬೆನ್ನಿನಲ್ಲಿ ಯಾರಿದ್ದಾರೆಂದು ತಿಳಿಯದೆ, ಯಾರೇ ಇದ್ದರೂ ಬರಲಿ ಎಂದು ಅವಳು ಕರೆದಿದ್ದಳು. ಸಿಕ್ಕಿಬಿದ್ದೆ ಎಂದುಕೊಂಡ ಅವನು. ನೋಡಿಬಿಟ್ಟಳು, ಸಂಜೆ ಅವ್ವನ ಮುಂದೆ ಹೇಳುತ್ತಾಳೆ. ಆದರೂ ಕೂಡಲೇ ಓಡಿರಲಿಲ್ಲ. ನಿಂತು ನೋಡಿದ್ದ. ಬೆರಳು ಬಿಚ್ಚಿದವು, ಮುಚ್ಚಿದವು, ಬಿಚ್ಚಿದವು. ಬಾಳೊತ್ತ ತೋರಸ್ತಾರಬೇ.

ವಾಪಸು ಬರುವ ಬಸ್ಸಿನಲ್ಲಿ ಚೀಲದೊಳಗಿನ ಪ್ರಬಂಧ ತೊಡೆಗೆ ಒತ್ತುತ್ತಿತ್ತು. ಐದು ಹೆಜ್ಜೆಗಳು ಒಬ್ಬನ ಕತೆಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ ಎಂದು ಅವನು ಬರೆದಿದ್ದ. ಕೆಟ್ಟದ್ದು ಒಬ್ಬರಿಗೆ ತಿಳಿದು, ಕೆಡಿಸಿದವನಿಗೆ ಹದಿನೇಳು ವರ್ಷ ತಿಳಿಯದೆ, ಇಬ್ಬರೂ ಒಂದೇ ಒಲೆಯ ಅನ್ನ ಉಣ್ಣುವ ಕತೆಗೆ ಅದರಲ್ಲಿ ಜಾಗವಿರಲಿಲ್ಲ. ತಿಳಿಯದೆ ಎಂದು ಬರೆಯಬಹುದೇ ಎಂಬುದೂ ಅವನಿಗೆ ಖಾತ್ರಿಯಿರಲಿಲ್ಲ. ಅವ್ವ ಎಷ್ಟು ಸಲ ಕೇಳಿದಳು? ಓಣಿಯ ಕಟ್ಟೆಯ ಮೇಲೆ, ನಾಗರತ್ನಾ ಬಂದ ಹೊಸತರಲ್ಲಿ, ಕಳೆದ ದೀಪಾವಳಿಯಲ್ಲಿ ಬೀಗರ ಮುಂದೆ. ಪ್ರತಿ ಸಲ ಅವಳು ಬಾಗಿಲು ತೆರೆದು ಹಿಡಿದಿದ್ದಳು. ಪ್ರತಿ ಸಲ ಅವನು ಸಿನಿಮಾ ತೋರಿಸಿದ್ದ. ಶನಿವಾರ ಹಾವೇರಿಯಲ್ಲಿ ಏನು ಓದುವುದು ಎಂಬ ಯೋಚನೆ ಬಂದು, ನಿಲ್ಲದೆ ಹೋಯಿತು. ಮುದ್ರೆಯಿದ್ದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತ ಬಂದಿದ್ದೇನೆ ಎಂದು ಗೊತ್ತಾದದ್ದು ರಾಣೇಬೆನ್ನೂರಿನಲ್ಲಿ ಇಳಿದು, ಬೆರಳಿಗೆ ಅಂಟಿದ್ದ ಕಣದ ಧೂಳಿನಿಂದ ಅಲ್ಲಿ ಉರಿ ಹತ್ತಿದಾಗ.

ನಾಗರತ್ನಾ ಮನೆಯಲ್ಲಿರಲಿಲ್ಲ. ಪಡಸಾಲೆಯ ಬಾಗಿಲು ತೆರೆದಿತ್ತು. ಅವ್ವ ಬೆನ್ನು ಮಾಡಿ ಕುಳಿತಿದ್ದಳು, ಮೊರ ಮುಂದೆ, ಬಿಡಿಸಿದ ಕಾಯಿ ಒಂದು ಕಡೆ, ತೊಟ್ಟು ಒಂದು ಕಡೆ. ಅವನು ಹೊಸ್ತಿಲ ಮೇಲೆ ನಿಂತ. ಬಂದವರು ಯಾರೆಂದು ಅವಳು ತಿರುಗಿ ನೋಡಲಿಲ್ಲ. ಎಂದೂ ನೋಡುತ್ತಿರಲಿಲ್ಲ. ಅವಳು ಇಷ್ಟು ವರ್ಷ ಹೀಗೆ ಕುಳಿತದ್ದು ಯಾಕೆಂದು ಅವನಿಗೆ ಆಗ ತಿಳಿಯಿತು. ಹಿಂದಿನಿಂದ ಬಂದವನು ನಿಲ್ಲುತ್ತಾನೋ, ಹೋಗುತ್ತಾನೋ ನೋಡಲು. ಒಳಗೆ ಹೋಗಿ ಕೈಕಾಲು ತೊಳೆದು ಬರಬಹುದಿತ್ತು. ಒಂದು ಲೋಟ ನೀರು ಕುಡಿದು ಬರಬಹುದಿತ್ತು. ಅವಳ ಭುಜ ಒಂದು ಸಲ ಏರಿ ಇಳಿಯಿತು. ವಯಸ್ಸಾದವರ ಉಸಿರು ಅಷ್ಟೇ.

"ಸಿಕ್ತೇನಪಾ ನಿನ್ನ ಸಿನಿಮಾ?" ಎಂದಳು.

"ಮಲ್ಲಿಕಸಾಬ ಸಿಕ್ಕಿದ್ರಬೇ."

ಬೆರಳು ನಿಂತವು. ಆರಾಮ ಇದ್ದಾರೆಯೇ ಎಂದು ಕೇಳಿದಳು, ಇದ್ದಾರೆ ಎಂದ. ಅವನು ಅವಳ ಬೆನ್ನನ್ನು ಸುತ್ತಿ ಬಂದು ಎದುರಿಗೆ ನೆಲದ ಮೇಲೆ ಕುಳಿತ. ಕೆಲಸದಲ್ಲಿರುವಾಗ ಅವ್ವನ ಮುಖ ಹೀಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಘಾಟಿಗೆ ಕಣ್ಣು ಕೆಂಪಾಗಿದ್ದವು, ಅಥವಾ ಯಾವಾಗಲೂ ಹಾಗೇ ಇದ್ದವೋ ಏನೋ.

"ಆ ಕೈ, ಅವ್ವಾ," ಎಂದು ಅವನು ಶುರು ಮಾಡಿದ.

"ತಡಿ," ಎಂದಳು ದೇವವ್ವ. ಮೊರವನ್ನು ಇಬ್ಬರ ನಡುವೆ ಸರಿಸಿದಳು. "ಮೊದಲಿಂದ ಹೇಳು. ಬಂಗಲೇದು ಬ್ಯಾಡ."

ಅವನು ಒಂದು ಕಾಯಿ ಎತ್ತಿಕೊಂಡ. ತೊಟ್ಟು ಮುರಿಯಲು ಬರಲಿಲ್ಲ.

"ಅವತ್ತ ನಾ ಕಾಲೇಜಿಗೆ ಹೋಗಿರಲಿಲ್ಲಬೇ," ಎಂದ.

ಅವಳು ಅವನ ಕೈಯಿಂದ ಕಾಯಿ ತೆಗೆದುಕೊಂಡು, ತೊಟ್ಟು ಮುರಿದು, ಹೂಂ ಎಂದಳು.